ಸ್ಪ್ಯಾನರ್ ಹಿಡಿದ ಹುಡುಗಿ

ಲೋನ್‌ಡೇಲ್ ರೈಲು ಸ್ಟೇಷನ್ನಿನ ಹುಡುಗಿಯೊಬ್ಬಳ ಸಿನಿಮಾ ಒಂದಿದೆ. ಡಿ. ಡಬ್ಲ್ಯು. ಗ್ರಿಫಿತ್ 1911ರಲ್ಲಿ ತೆಗೆದ ‘ದಿ ಲೋನ್‌ಡೇಲ್ ಆಪರೇಟರ್’. ಮೂಕಿ ಚಿತ್ರ, ಅಂಗೈಯಗಲದ ಕಥೆ, 17 ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ. ತಂದೆಗೆ ಹುಷಾರಿಲ್ಲ, ಮಗಳು ಟೆಲಿಗ್ರಾಫ್ ಮೇಜಿಗೆ ಕೂರುತ್ತಾಳೆ, ಸಂಬಳದ ಹಣದ ಚೀಲ ರೈಲಿನಲ್ಲಿ ಬಂದಿಳಿಯುತ್ತದೆ, ಅದರ ವಾಸನೆ ಹಿಡಿದು ಇಬ್ಬರು ಅಲೆಮಾರಿಗಳು. ಆಮೇಲೆ ಬಾಗಿಲು ಒಡೆಯುವುದು, ಸಹಾಯ ಕೇಳಿ ತಂತಿ ಹೋಗುವುದು, ಎಂಜಿನ್ ಡ್ರೈವರ್ ಆದ ಅವಳ ಪ್ರಿಯಕರ ಎಂಜಿನ್ ಓಡಿಸಿಕೊಂಡು ಬರುವುದು.

ನನ್ನನ್ನು ಬಿಡದೆ ಹಿಡಿದಿರುವುದು ಕೊನೆಯ ಒಂದು ಸಂಗತಿ. ಬಾಗಿಲು ಮುರಿದು ನುಗ್ಗಿ ಬಂದ ಇಬ್ಬರು ಗಟ್ಟಿ ಆಳುಗಳು ಒಬ್ಬ ಹುಡುಗಿಯ ಮುಂದೆ ಗಕ್ಕನೆ ನಿಲ್ಲುತ್ತಾರಲ್ಲ, ಅದು. ಅವಳ ಕೈಯಲ್ಲಿ ಪಿಸ್ತೂಲು ಇದೆ ಅಂತ ನಿಲ್ಲುತ್ತಾರೆ. ಇದ್ದದ್ದು ಒಂದು ಸ್ಪ್ಯಾನರ್. ನಟ್ಟು ಬೋಲ್ಟು ತಿರುಗಿಸುತ್ತೇವಲ್ಲ, ಅದೇ ಸ್ಪ್ಯಾನರ್. ಅದರ ಹಿಡಿಯನ್ನು ಹಿಡಿದು ಮೂತಿಯನ್ನು ಕಳ್ಳರ ಕಡೆ ಚಾಚಿ ನಿಂತಿದ್ದಾಳೆ. ಇಬ್ಬರೂ ಬಾಲ ಮುದುರಿಕೊಂಡು ನಿಂತರು, ಮಿಸುಕಲಿಲ್ಲ.

ಬರೀ ಕಪ್ಪು ಬಿಳುಪಿನ ಕಾಪಿ ನೋಡಿದವರು ಇಲ್ಲಿ ಹುಬ್ಬು ಗಂಟಿಕ್ಕುತ್ತಾರೆ. ಯಾಕೆಂದರೆ ಆ ಕಾಪಿಯಲ್ಲಿ ಕೋಣೆ ಬೆಳ್ಳಗೆ ಬೆಳಕಾಗಿದೆ. ಮೇಜು ಕಾಣುತ್ತೆ, ಗೋಡೆ ಕಾಣುತ್ತೆ, ಹುಡುಗಿಯ ಮುಖದ ಗಾಬರಿ ಕಾಣುತ್ತೆ. ನಮಗೆ ಇಷ್ಟೆಲ್ಲ ಕಾಣುವಾಗ ನಾಲ್ಕು ಮಾರು ದೂರದಲ್ಲಿ ನಿಂತ ಕಳ್ಳನಿಗೆ ಸ್ಪ್ಯಾನರ್ ಕಾಣಲಿಲ್ಲವಾ, ಎಂಥ ದಡ್ಡ ಕಳ್ಳರಪ್ಪಾ ಅಂತ ಅನ್ನಿಸಿಬಿಡುತ್ತೆ. ಕಥೆಯ ಬುಡವೇ ಅಲ್ಲಾಡಿಹೋಗುತ್ತೆ.

ಆದರೆ ಕಳ್ಳರು ದಡ್ಡರಲ್ಲ ರೀ. ಕಾಪಿಯಲ್ಲಿ ಬಣ್ಣ ಇಲ್ಲ, ಅಷ್ಟೇ.

ಕಳ್ಳರು ಒಳಬಾಗಿಲನ್ನು ಒಡೆಯುತ್ತಿರುವಾಗ ಹುಡುಗಿ ದೀಪ ಆರಿಸುತ್ತಾಳೆ. 1911ರಲ್ಲಿ ನೋಡಿದವರಿಗೆ ಆ ಕ್ಷಣದಿಂದ ಪರದೆಯೆಲ್ಲ ನೀಲಿ. ಫಿಲ್ಮಿನ ಪಾಸಿಟಿವ್ ಪ್ರಿಂಟನ್ನು ಬಣ್ಣದ ನೀರಿನಲ್ಲಿ ಅದ್ದಿ ತೆಗೆಯುತ್ತಿದ್ದ ಕಾಲ ಅದು. ರಾತ್ರಿಯ ದೃಶ್ಯಕ್ಕೆ ನೀಲಿ, ದೀಪದ ಬೆಳಕಿಗೆ ಹೊಂಬಣ್ಣ, ಬೆಂಕಿ ಬಿದ್ದರೆ ಕೆಂಪು. ಬೇರೆ ಬೇರೆ ಬಣ್ಣದಲ್ಲಿ ಅದ್ದಿದ ತುಂಡುಗಳನ್ನು ಒಣಗಿಸಿ, ಒಂದಕ್ಕೊಂದು ಅಂಟಿಸಿ ರೀಲು ಮಾಡುತ್ತಿದ್ದರು. ಕ್ಯಾಮೆರಾ ಕಂಡದ್ದು ಬೆಳಕು ತುಂಬಿದ ಕೋಣೆಯನ್ನೇ. ಕತ್ತಲೆ ಆಮೇಲೆ ಲ್ಯಾಬಿನ ತೊಟ್ಟಿಯಲ್ಲಿ ಸೇರಿಕೊಂಡದ್ದು. ಮುಂದೆ ಯಾರೋ ಆ ಪ್ರಿಂಟನ್ನು ಕಪ್ಪು ಬಿಳುಪು ಫಿಲ್ಮಿಗೆ ನಕಲು ಮಾಡಿದಾಗ ನೀಲಿ ಹೋಯಿತು, ನೀಲಿಯ ಜೊತೆಗೆ ರಾತ್ರಿಯೇ ಹೋಯಿತು. ಪುಣ್ಯಕ್ಕೆ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಕಾಪಾಡಿದ ಕಾಪಿ ಬಣ್ಣದ ಸಮೇತ ಸಿಗುತ್ತದೆ. ಅದರಲ್ಲಿ ನೋಡಿ, ಕಳ್ಳರು ನಿಂತದ್ದು ಯಾಕೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಿಟಕಿಯಿಂದ ಬಿದ್ದ ಬೆಳದಿಂಗಳಲ್ಲಿ ಲೋಹದ್ದೊಂದು ಏನೋ ಮಿಂಚುತ್ತೆ. ಏನು ಅಂತ ಕೇಳಿ ತಿಳಿದುಕೊಳ್ಳೋಕೆ ಯಾವ ಕಳ್ಳ ಮುಂದೆ ಬರ್ತಾನೆ, ಹೇಳಿ?

ನೀಲಿಯನ್ನು ಕತ್ತಲೆ ಅಂತ ಒಪ್ಪಿಕೊಳ್ಳೋದು ನಮಗೇನೂ ಹೊಸದಲ್ಲ ಬಿಡಿ. ಟೆಂಟಿನಲ್ಲಿ ಮರಳ ಮೇಲೆ ಕೂತು ನೋಡಿದ ಹಳೇ ಕನ್ನಡ ಸಿನಿಮಾಗಳ ಬೆಳದಿಂಗಳನ್ನು ನೆನಪಿಸಿಕೊಳ್ಳಿ. ನಾಯಕ ನಾಯಕಿ ನಡುರಾತ್ರಿಯಲ್ಲಿ ಹಾಡಿಕೊಂಡು ಹೋಗುತ್ತಿರುತ್ತಾರೆ, ಕಾಲ ಬುಡದಲ್ಲಿ ಮಟಮಟ ಮಧ್ಯಾಹ್ನದ ಗಿಡ್ಡ ನೆರಳು! ಹಗಲು ಹೊತ್ತಿನಲ್ಲೇ ಲೆನ್ಸಿಗೆ ಫಿಲ್ಟರ್ ಹಾಕಿ, ಬೆಳಕು ಕಡಿಮೆ ಬಿಟ್ಟು, ಆಕಾಶವನ್ನು ಕಪ್ಪಾಗಿಸಿ ರಾತ್ರಿ ಮಾಡುತ್ತಿದ್ದರು. ನಮ್ಮೂರ ಟೆಂಟಿನಲ್ಲಿ ಯಾರೊಬ್ಬರೂ ತಕರಾರು ತೆಗೆದದ್ದು ನನಗೆ ನೆನಪಿಲ್ಲ. ನಾಯಕಿ ‘ಚಂದ್ರ’ ಅಂದರೆ ಸಾಕು, ಚಂದ್ರ ಇದ್ದ. ಸೋಡಾ ಮಾರುವ ಹುಡುಗ ಕೂಡ ಆ ಹೊತ್ತಿಗೆ ಬಾಟಲಿಯ ಸದ್ದು ಮಾಡದೆ ನಿಲ್ಲುತ್ತಿದ್ದ. ಒಪ್ಪಿಕೊಂಡು ನೋಡುವವರಿಗೆ ಯಾವತ್ತೂ ಕತ್ತಲೆಯ ಕೊರತೆಯಾಗಿಲ್ಲ.

ಮತ್ತೆ ಲೋನ್‌ಡೇಲಿಗೆ ಬರೋಣ. ಆ ಹುಡುಗಿಯ ಪಾತ್ರ ಮಾಡಿದವಳು ಬ್ಲಾಂಚ್ ಸ್ವೀಟ್. ಷಿಕಾಗೋದಲ್ಲಿ 1896ರ ಜೂನ್‌ನಲ್ಲಿ ಹುಟ್ಟಿದವಳು. ಈ ಚಿತ್ರ ತೆಗೆದದ್ದು 1911ರ ಜನವರಿಯಲ್ಲಿ, ಕ್ಯಾಲಿಫೋರ್ನಿಯಾದ ಇಂಗಲ್‌ವುಡ್ಡಿನಲ್ಲಿ. ಲೆಕ್ಕ ಹಾಕಿ ನೋಡಿ, ಅವಳಿಗೆ ಇನ್ನೂ 15 ತುಂಬಿಲ್ಲ! ತೆರೆಯ ಮೇಲೆ ನೋಡಿದರೆ ಹಾಗನ್ನಿಸೋದೇ ಇಲ್ಲ. ಗಟ್ಟಿಮುಟ್ಟಾಗಿ, ತನ್ನ ಕೆಲಸ ತನಗೆ ಗೊತ್ತು ಅನ್ನೋ ಹಾಗೆ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಾಳೆ. ಆ ಕಾಲದ ಉಳಿದ ನಾಯಕಿಯರು ಮಾತೆತ್ತಿದರೆ ಎರಡೂ ಕೈ ಮೇಲಕ್ಕೆ ಎಸೆದು ಮೂರ್ಛೆ ಹೋಗುತ್ತಿದ್ದರಲ್ಲ, ಇವಳದ್ದು ಆ ಜಾತಿಯಲ್ಲ. ಹೆದರಿಕೆ ಆಗುತ್ತೆ, ಮುಖದಲ್ಲಿ ಕಾಣುತ್ತೆ, ಆದರೂ ಕೈ ಕೆಲಸ ಮಾಡುತ್ತಲೇ ಇರುತ್ತೆ. ಬಾಗಿಲಿಗೆ ಬೀಗ, ಆಮೇಲೆ ತಂತಿ, ಆಮೇಲೆ ದೀಪ. ಒಂದಾದ ಮೇಲೊಂದು.

ಅವಳ ಹೆಸರು ಅವತ್ತಿನ ಪ್ರೇಕ್ಷಕರಿಗೆ ಗೊತ್ತೇ ಇರಲಿಲ್ಲ ಅನ್ನೋದು ಇನ್ನೊಂದು ಸೋಜಿಗ. ಚಿತ್ರ ತೆಗೆದ ಬಯೋಗ್ರಾಫ್ ಕಂಪನಿ ನಟನಟಿಯರ ಹೆಸರನ್ನು ತೆರೆಯ ಮೇಲೆ ಹಾಕುತ್ತಿರಲಿಲ್ಲ. ಗ್ರಿಫಿತ್ ಹೆಸರೂ ಇಲ್ಲ. ಹೆಸರು ಬಂದರೆ ಸಂಬಳ ಜಾಸ್ತಿ ಕೇಳುತ್ತಾರೆ ಅನ್ನೋ ಲೆಕ್ಕಾಚಾರವೂ ಅದರ ಹಿಂದಿತ್ತು. ಇಂಗ್ಲೆಂಡಿನ ವಿತರಕರಿಗೆ ಜನರ ಕಾಟ ತಡೆಯೋಕೆ ಆಗಲಿಲ್ಲ, ಈ ಹುಡುಗಿ ಯಾರು, ಆ ಗಂಡಸು ಯಾರು ಅಂತ. ಅವರೇ ಕೂತು ಹೆಸರು ಹುಟ್ಟಿಸಿದರು. ಬ್ಲಾಂಚ್ ಸ್ವೀಟ್ ಅಲ್ಲಿ ‘ಡ್ಯಾಫ್ನಿ ವೇನ್’ ಆಗಿಬಿಟ್ಟಳು! ಲಂಡನ್ನಿನ ಯಾವುದೋ ಚಿತ್ರಮಂದಿರದಲ್ಲಿ ಕೂತವರು ಇಲ್ಲದ ಡ್ಯಾಫ್ನಿಯನ್ನು ಮೆಚ್ಚಿಕೊಂಡು ಮನೆಗೆ ಹೋಗಿದ್ದಾರೆ. ಕಂಪನಿಗೆ ತನ್ನ ಹೆಸರಿನ ಮೇಲೆ ಮಾತ್ರ ಬಲು ಕಾಳಜಿ. ಬೇರೆಯವರು ಕಾಪಿ ಕದಿಯಬಾರದು ಅಂತ ಎಷ್ಟೋ ಚಿತ್ರಗಳಲ್ಲಿ ಸೆಟ್ಟಿನ ಗೋಡೆಗೇ ‘ಎಬಿ’ ಅನ್ನೋ ತನ್ನ ಗುರುತನ್ನು ತೂಗುಹಾಕುತ್ತಿತ್ತು. ಬಡವರ ಗುಡಿಸಲಾಗಲಿ, ಶ್ರೀಮಂತರ ಬಂಗಲೆಯಾಗಲಿ, ಒಳಗೆ ಅದೇ ಎಬಿ. ಬ್ಲಾಂಚ್ ತೊಂಬತ್ತು ದಾಟಿ, 1986ರವರೆಗೂ ಬದುಕಿದ್ದಳು ಅನ್ನೋದೇ ನನಗೆ ಸಮಾಧಾನ. ಅಷ್ಟು ಹೊತ್ತಿಗೆ ಜಗತ್ತು ಅವಳನ್ನು ಅವಳ ಸ್ವಂತ ಹೆಸರಿನಿಂದಲೇ ಕರೆಯುತ್ತಿತ್ತು.

ಸ್ಪ್ಯಾನರ್ ಅಂದೆನಲ್ಲ, ನನ್ನ ಸೋದರತ್ತೆಯ ನೆನಪಾಗುತ್ತೆ. ಅತ್ತೆಯ ಮನೆ ತೋಟದ ನಡುವೆ, ಒಂಟಿ ಮನೆ. ಮಾವ ತೀರಿಕೊಂಡ ಮೇಲೂ ಅವರ ಚರ್ಮದ ಚಪ್ಪಲಿಯನ್ನು ಅತ್ತೆ ಎಸೆಯಲಿಲ್ಲ. ಸಂಜೆ ದೀಪ ಹಚ್ಚಿದ ಕೂಡಲೇ ಆ ಚಪ್ಪಲಿಯನ್ನು ತಂದು ಹೊಸಿಲಾಚೆ ಇಡೋರು. ಸುಮ್ಮನೆ ಇಡೋದಲ್ಲ, ಒಂದು ಕಾಲು ಸ್ವಲ್ಪ ಮುಂದೆ, ಒಂದು ಹಿಂದೆ, ಈಗಷ್ಟೇ ಯಾರೋ ಕಳಚಿ ಒಳಗೆ ಹೋಗಿದ್ದಾರೆ ಅನ್ನಿಸಬೇಕು. ಮಳೆಗಾಲದಲ್ಲಿ ಚಪ್ಪಲಿಗೆ ಸ್ವಲ್ಪ ಕೆಸರನ್ನೂ ಮೆತ್ತೋರು! ಹೊತ್ತಲ್ಲದ ಹೊತ್ತಿನಲ್ಲಿ ಯಾರಾದರೂ ಬಾಗಿಲು ಬಡಿದರೆ ಮೊದಲು ಒಳಕೋಣೆಯ ಕಡೆ ತಿರುಗಿ, ‘ಏನ್ರೀ, ಯಾರೋ ಬಂದಿದಾರೆ, ನೋಡ್ತೀರಾ?’ ಅಂತ ದೊಡ್ಡ ದನಿಯಲ್ಲಿ ಕೂಗೋರು. ಒಳಕೋಣೆಯಲ್ಲಿ ಇದ್ದದ್ದು ಅಡಿಕೆ ಮೂಟೆ. ರಜೆಯಲ್ಲಿ ಹೋದಾಗ ನಾವು ಮಕ್ಕಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದೆವು, ಅತ್ತೆ ಮಾತ್ರ ನಗುತ್ತಿರಲಿಲ್ಲ. ನಮ್ಮ ಕಡೆ ಒಂಟಿಯಾಗಿ ಬಾಳಿದ ಎಷ್ಟು ಹೆಂಗಸರು ಹೀಗೆ ರಾತ್ರಿಗಳನ್ನು ದಾಟಿದ್ದಾರೋ. ಅವರ ಧೈರ್ಯಕ್ಕೆ ಯಾರೂ ಕ್ಯಾಮೆರಾ ಹಿಡಿಯಲಿಲ್ಲ.

ಅದಕ್ಕೇ ನನಗೆ ಈ ಸಿನಿಮಾ ಅಷ್ಟು ಇಷ್ಟ. ಕತ್ತಲಲ್ಲಿ ಹಗ್ಗ ಹಾವಾಗಿ ಕಾಣುತ್ತೆ ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದವರು. ಅಲ್ಲಿ ಹೆದರುವವನದೇ ಕಣ್ಣು, ಹೆದರುವವನದೇ ತಪ್ಪು, ಹಗ್ಗಕ್ಕೆ ಏನೂ ಗೊತ್ತಿಲ್ಲ. ಲೋನ್‌ಡೇಲಿನಲ್ಲಿ ಹಗ್ಗವನ್ನು ಬೇಕಂತಲೇ ಹಾವು ಮಾಡಿ ಹಿಡಿದವಳು ಹೆದರಿದ ಹುಡುಗಿ. ತನಗೆ ಭಯ ಹುಟ್ಟಿಸಿದ ಕತ್ತಲೆಯನ್ನೇ ಎದುರಿನವರ ಕಡೆ ತಿರುಗಿಸಿಬಿಟ್ಟಳು. ನನ್ನತ್ತೆ ಚಪ್ಪಲಿಗೆ ಕೆಸರು ಮೆತ್ತಿದ್ದು ಇದೇ ಬುದ್ಧಿಯಿಂದ, ಅಲ್ವಾ?

ಇಲ್ಲಿ ಗ್ರಿಫಿತ್ ಇನ್ನೊಂದು ಕೈಚಳಕ ತೋರಿಸಿದ್ದಾನೆ. ಅದು ಸ್ಪ್ಯಾನರ್ ಅಂತ ನಮಗೂ ಮೊದಲೇ ಹೇಳೋದಿಲ್ಲ. ಕ್ಯಾಮೆರಾ ದೂರದಲ್ಲೇ ಇದೆ, ನಾವೂ ಪಿಸ್ತೂಲು ಅಂದುಕೊಂಡೇ ಉಸಿರು ಬಿಗಿ ಹಿಡಿಯುತ್ತೇವೆ. ಎಂಜಿನ್ ಬಂತು, ಪ್ರಿಯಕರ ಒಳಗೆ ಓಡಿಬಂದ, ಕಳ್ಳರು ಸಿಕ್ಕಿಬಿದ್ದರು, ಎಲ್ಲ ಮುಗಿದ ಮೇಲೆ ಒಂದೇ ಒಂದು ಸಲ ಕ್ಯಾಮೆರಾ ಹತ್ತಿರ ಹೋಗಿ ಅವಳ ಕೈಯನ್ನು ತೆರೆತುಂಬ ತೋರಿಸುತ್ತದೆ. ಆಗ ತಿಳಿಯುತ್ತೆ, ಕಳ್ಳರ ಜೊತೆ ನಾವೂ ಮೋಸ ಹೋಗಿದ್ದೇವೆ ಅಂತ! ಆ ಕಾಲದಲ್ಲಿ ಕ್ಯಾಮೆರಾ ಅಷ್ಟು ಹತ್ತಿರ ಹೋಗೋದೇ ಅಪರೂಪ, ಪಾತ್ರಗಳು ನೆತ್ತಿಯಿಂದ ಹೆಚ್ಚುಕಡಿಮೆ ಮೊಣಕಾಲಿನವರೆಗೆ ಕಾಣಲೇಬೇಕು. ಹಾಗೆ ಜೋಪಾನವಾಗಿ ಕೂಡಿಟ್ಟ ಹತ್ತಿರದ ನೋಟವನ್ನು ಅವನು ಖರ್ಚು ಮಾಡಿದ್ದು ಪ್ರೇಮಿಗಳ ಮುಖಕ್ಕಲ್ಲ, ಒಂದು ಸ್ಪ್ಯಾನರಿಗೆ. ಇದರ ಕಥೆ ಬರೆದವನು ಮ್ಯಾಕ್ ಸೆನೆಟ್ ಅಂದರೆ ನಿಮಗೆ ಆಶ್ಚರ್ಯ ಆಗಲಿಕ್ಕಿಲ್ಲ. ಮರುವರ್ಷವೇ ಕೀಸ್ಟೋನ್ ಕಂಪನಿ ಕಟ್ಟಿ, ಪೆದ್ದು ಪೋಲೀಸರನ್ನು ಓಡಾಡಿಸಿ ಜಗತ್ತನ್ನು ನಗಿಸಿದನಲ್ಲ, ಅವನೇ. ಎದೆ ಹೊಡೆದುಕೊಳ್ಳುವ ಕಥೆಯ ತುದಿಗೆ ಒಂದು ನಗೆ ಕಟ್ಟುವುದು ಅವನಿಗೆ ಆಗಲೇ ಕೈಗೆ ಹತ್ತಿತ್ತು ಅಂತ ಕಾಣುತ್ತೆ.

ಇನ್ನು ತಂತಿಯ ವಿಷಯ. ಹುಡುಗಿ ಟಕಟಕ ಅಂತ ಕೀಲಿ ಒತ್ತುತ್ತಾಳೆ, ಸದ್ದಿಲ್ಲದ ಸಿನಿಮಾದಲ್ಲಿ ಸದ್ದಿನ ಭಾಷೆ. ಆ ಕಡೆಯ ಸ್ಟೇಷನ್ನಿನಲ್ಲಿ ತಂತಿ ತೆಗೆದುಕೊಳ್ಳಬೇಕಾದ ಪುಣ್ಯಾತ್ಮ ಕುರ್ಚಿಯಲ್ಲೇ ನಿದ್ದೆ ಹೋಗಿದ್ದಾನೆ! ನೂರು ವರ್ಷ ಕಳೆದರೂ ಆ ಶಾಟ್ ಬಂದಾಗಲೆಲ್ಲ ನೋಡುವವರ ಬಾಯಿಂದ ‘ಏಳಯ್ಯಾ ಮಾರಾಯ’ ಅಂತ ಬಂದೇ ಬರುತ್ತೆ. ಇವಳು ಇಲ್ಲಿ, ಕಳ್ಳರು ಬಾಗಿಲ ಬಳಿ, ಅವನು ಅಲ್ಲಿ ನಿದ್ದೆಯಲ್ಲಿ. ಹಾಗೆ ಹಿಂದಕ್ಕೂ ಮುಂದಕ್ಕೂ ಕತ್ತರಿಸಿ ಕತ್ತರಿಸಿ ಸುಮಾರು ನೂರು ಶಾಟ್ ಮಾಡಿದ್ದಾನೆ ಗ್ರಿಫಿತ್, ಅದೂ ಒಂದು ರೀಲಿನಲ್ಲಿ. ಮೂರೇ ವರ್ಷ ಹಿಂದೆ ಅವನದೇ ಮೊದಲ ಚಿತ್ರದಲ್ಲಿ ಶಾಟ್‌ಗಳ ಸಂಖ್ಯೆ ಒಂದು ಡಜನ್ನಿನ ಆಸುಪಾಸಿನಲ್ಲಿತ್ತು.

ನಮ್ಮ ಮೀಟರ್ ಗೇಜ್ ಕಾಲದ ಮಲೆನಾಡಿನ ಸ್ಟೇಷನ್ನುಗಳನ್ನು ನೋಡಿದವರಿಗೆ ಆ ಕೋಣೆ ಹೊರಗಿನದು ಅನ್ನಿಸೋದಿಲ್ಲ. ಅದೇ ಎತ್ತರದ ಮೇಜು, ಅದೇ ಹಲಗೆಯ ಬಾಗಿಲು, ಅದೇ ಟಿಕೆಟ್ಟಿನ ಗೂಡು. ನಮ್ಮಲ್ಲಿ ಇದ್ದ ಮಜವಾದ ವಸ್ತುವೆಂದರೆ ಟೋಕನ್ ಯಂತ್ರ. ಕೆಂಪು ಬಣ್ಣದ ಪೆಟ್ಟಿಗೆ, ಮುಂದಿನ ಸ್ಟೇಷನ್ನಿನವರು ಅಲ್ಲಿಂದ ಒಪ್ಪಿಗೆ ಕೊಟ್ಟರೆ ಮಾತ್ರ ಇಲ್ಲಿ ಒಂದು ಉಕ್ಕಿನ ಚೆಂಡು ಉರುಳಿ ಹೊರಗೆ ಬರುತ್ತಿತ್ತು. ಚೆಂಡನ್ನು ಚರ್ಮದ ಚೀಲದಲ್ಲಿ ಹಾಕಿ, ಚೀಲಕ್ಕೆ ದೊಡ್ಡ ಬಳೆ ಸಿಕ್ಕಿಸಿ, ಸ್ಟೇಷನ್ನಿನ ಆಳು ಪ್ಲಾಟ್‌ಫಾರ್ಮಿನ ತುದಿಯಲ್ಲಿ ಕೈ ಎತ್ತಿ ನಿಂತಿರುತ್ತಿದ್ದ. ಓಡುವ ಎಂಜಿನ್ನಿನಿಂದ ಫೈರ್‌ಮನ್ ಬಗ್ಗಿ, ತೋಳು ಚಾಚಿ ಬಳೆಯನ್ನು ಸಿಕ್ಕಿಸಿಕೊಂಡು ಹೋಗಬೇಕು. ಆ ಚೆಂಡು ಕೈಯಲ್ಲಿಲ್ಲದೆ ರೈಲು ಮುಂದಿನ ಹಳಿಗೆ ಕಾಲಿಡುವ ಹಾಗಿಲ್ಲ. ಹಾಗಾಗಿ ಲೋನ್‌ಡೇಲಿನ ಪ್ರಿಯಕರ ಹಿಂದೆ ಮುಂದೆ ನೋಡದೆ ಎಂಜಿನ್ ಬಿಟ್ಟುಕೊಂಡು ಹೊರಟಾಗ ನನ್ನ ಎದೆಯಲ್ಲಿ ಪ್ರೇಮಕ್ಕಿಂತ ಮೊದಲು ಟೋಕನ್ನಿನ ಚಿಂತೆ ಏಳುತ್ತೆ. ಎದುರಿನಿಂದ ಇನ್ನೊಂದು ರೈಲು ಬಂದರೆ? ಯಾಕೆ ನಗ್ತೀರಿ, ರೈಲು ಹಳಿಯ ಪಕ್ಕ ಬೆಳೆದವರನ್ನು ಕೇಳಿ, ಎಲ್ಲರಿಗೂ ಹೀಗೇ.

ರೈಲು ಮತ್ತು ಭಯ ಅಂದಾಗ ಲೂಮಿಯೇರ್ ಸಹೋದರರ ರೈಲನ್ನು ಬಿಡೋಕಾಗುತ್ತಾ? ಲಾ ಸಿಯೋಟಾ ಸ್ಟೇಷನ್ನಿಗೆ ರೈಲು ಬರುವ ಆ ಐವತ್ತು ಸೆಕೆಂಡಿನ ಚಿತ್ರ ನೋಡಿ ಪ್ಯಾರಿಸ್ಸಿನ ಜನ ಬಿದ್ದು ಎದ್ದು ಓಡಿದರು ಅನ್ನೋದು ಎಲ್ಲರ ಬಾಯಲ್ಲೂ ಇರುವ ಮಾತು. ಅದೇ ರೈಲಿನ ಚಿತ್ರ 1896ರ ಜುಲೈ 7ರಂದು ಮುಂಬೈನ ವಾಟ್ಸನ್ ಹೋಟೆಲಿಗೂ ಬಂದಿತ್ತು. ಆದರೆ ಜನ ಓಡಿದರು ಅನ್ನೋದಕ್ಕೆ ಆ ಕಾಲದ ಗಟ್ಟಿ ಸಾಕ್ಷಿ ಸಿಕ್ಕಿಲ್ಲ ಅಂತ ಹಳೇ ಪತ್ರಿಕೆಗಳನ್ನು ಜಾಲಾಡಿದ ಜರ್ಮನ್ ವಿದ್ವಾಂಸ ಮಾರ್ಟಿನ್ ಲೋಯ್ಪರ್‌ಡಿಂಗರ್ ಹೇಳುತ್ತಾರೆ. ನನಗಂತೂ ಅವರ ಮಾತೇ ಸರಿ ಅನ್ನಿಸುತ್ತೆ. ಜನ ಬೆರಗಾಗಿರುತ್ತಾರೆ, ಪಕ್ಕದವರ ತೋಳು ಹಿಡಿದಿರುತ್ತಾರೆ, ಆದರೆ ಟಿಕೆಟ್ ಕೊಂಡು ಕೂತವರು ಗೋಡೆಗೂ ರೈಲಿಗೂ ವ್ಯತ್ಯಾಸ ತಿಳಿಯದಷ್ಟು ಪೆದ್ದರಾಗಿದ್ದರು ಅಂತ ನಂಬೋಕೆ ಮನಸ್ಸಾಗೋದಿಲ್ಲ. ‘ನೋಡಿ, ಹಳ್ಳಿಯವನು ಹೀಗೆ ಹೆದರುತ್ತಾನೆ’ ಅಂತ 1901ರಲ್ಲಿ ಇಂಗ್ಲೆಂಡಿನ ಆರ್. ಡಬ್ಲ್ಯು. ಪಾಲ್ ಒಂದು ಚಿತ್ರ ತೆಗೆದ. ಮರುವರ್ಷ ಅಮೆರಿಕದ ಎಡ್ವಿನ್ ಪೋರ್ಟರ್ ಅದನ್ನೇ ಅನುಸರಿಸಿ ‘ಅಂಕಲ್ ಜೋಶ್’ ಅನ್ನೋ ಹಳ್ಳಿಗನನ್ನು ಪರದೆಯ ಮುಂದೆ ಕುಣಿಸಿದ. ಅವನು ರೈಲಿಗೆ ಹೆದರಿ ಓಡುತ್ತಾನೆ, ಕೊನೆಗೆ ಪರದೆಯನ್ನೇ ಕಿತ್ತು ಹಾಕುತ್ತಾನೆ. ನೋಡಿ ನಕ್ಕವರೆಲ್ಲ ನಾವು ಹಾಗಲ್ಲಪ್ಪ ಅಂತ ಸಮಾಧಾನ ಪಟ್ಟುಕೊಂಡಿರಬೇಕು. ಹಳ್ಳಿಯವರನ್ನು ಹಿಡಿದು ನಗೋದು ಎಲ್ಲ ದೇಶದಲ್ಲೂ ಸುಲಭದ ಕೆಲಸ, ನನಗೆ ಅದು ಹಿಡಿಸೋದಿಲ್ಲ.

ಲೋನ್‌ಡೇಲಿನಲ್ಲಿ ಹೆದರುವವರು ಕಳ್ಳರು, ಅದರಲ್ಲಿ ಯಾರಿಗೂ ಅವಮಾನ ಇಲ್ಲ.

ಆದರೆ ಗ್ರಿಫಿತ್‌ಗೆ ಭಯದ ರುಚಿ ಹತ್ತಿದ್ದು ಹೌದು. 1912ರಲ್ಲಿ ಲಿಲಿಯನ್ ಗಿಶ್, ಡೊರೊಥಿ ಗಿಶ್ ಅನ್ನೋ ಅಕ್ಕತಂಗಿಯರು ಕೆಲಸಕ್ಕೆ ಬಂದರು. ಯಾರು ಯಾರು ಅಂತ ಗುರುತು ಸಿಗದೆ ಲಿಲಿಯನ್ ತಲೆಗೆ ನೀಲಿ ರಿಬ್ಬನ್, ಡೊರೊಥಿಗೆ ಕೆಂಪು ರಿಬ್ಬನ್ ಕಟ್ಟಿಸಿದನಂತೆ. ಆಮೇಲೆ ‘ಆ್ಯನ್ ಅನ್‌ಸೀನ್ ಎನಿಮಿ’ ಚಿತ್ರದ ತಾಲೀಮಿನಲ್ಲಿ ಇಬ್ಬರ ಮುಖದಲ್ಲೂ ಹೆದರಿಕೆ ಸಾಲದು ಅಂತ ಪಿಸ್ತೂಲು ಹಿಡಿದು ಅಟ್ಟಿಸಿಕೊಂಡು ಬಂದು ಛಾವಣಿಗೆ ಗುಂಡು ಹಾರಿಸಿದ ಅಂತ ಲಿಲಿಯನ್ನೇ ಮುಂದೆ ನೆನಪಿಸಿಕೊಂಡಿದ್ದಾಳೆ. ಹುಡುಗಿಯರು ಇವನಿಗೆ ಹುಚ್ಚು ಹಿಡಿದಿದೆ ಅಂದುಕೊಂಡರು. ಅಂದುಕೊಳ್ಳದೆ ಇನ್ನೇನು! ಇದನ್ನು ಕೆಲವರು ಕಲೆಯ ಹಟ ಅಂತ ಮೆಚ್ಚಿ ಹೇಳುತ್ತಾರೆ. ನಾನು ಒಪ್ಪೋದಿಲ್ಲ. ಹದಿಹರೆಯದ ಹೆಣ್ಣುಮಕ್ಕಳನ್ನು ಗುಂಡು ಹಾರಿಸಿ ಹೆದರಿಸೋದು ಎಲ್ಲಿಯ ನಿರ್ದೇಶನ?

ಮುಂದೆ ಅವನು ಇದಕ್ಕಿಂತ ದೊಡ್ಡ ಕೇಡು ಮಾಡಿದ. ಹಾಗೆ ಹಿಂದಕ್ಕೂ ಮುಂದಕ್ಕೂ ಕತ್ತರಿಸಿ ಎದೆ ಡವಗುಟ್ಟಿಸುವ ವಿದ್ಯೆಯನ್ನೇ 1915ರಲ್ಲಿ ‘ದಿ ಬರ್ತ್ ಆಫ್ ಎ ನೇಷನ್’ ಚಿತ್ರದಲ್ಲಿ ಹೂಡಿದ. ಅಲ್ಲಿ ಬಾಗಿಲು ಒಡೆಯುವವರು ಕಪ್ಪು ಜನ, ಕುದುರೆ ಏರಿ ಕಾಪಾಡಲು ಬರುವವರು ಮುಸುಕಿನ ಕೂ ಕ್ಲಕ್ಸ್ ಕ್ಲಾನ್. ಪ್ರೇಕ್ಷಕರ ಭಯವನ್ನು ಒಂದು ಇಡೀ ಜನಾಂಗದ ಚರ್ಮದ ಬಣ್ಣಕ್ಕೆ ಕಟ್ಟಿಹಾಕಿದ. ಕಪ್ಪು ಜನರ ಸಂಘಟನೆಗಳು ಊರೂರಲ್ಲಿ ಪ್ರತಿಭಟಿಸಿದವು, ಆದರೂ ಚಿತ್ರ ಓಡಿತು. ಸತ್ತುಹೋಗಿದ್ದ ಕ್ಲಾನ್ ಅದೇ ವರ್ಷ ಜಾರ್ಜಿಯಾದ ಸ್ಟೋನ್ ಮೌಂಟನ್ ಮೇಲೆ ಮತ್ತೆ ಎದ್ದು ಕೂತಿತು. ಸ್ಪ್ಯಾನರನ್ನು ಪಿಸ್ತೂಲು ಅಂತ ತೋರಿಸಿದವನು ಕೊನೆಗೆ ನಿಜವನ್ನು ಹತ್ತಿರದಿಂದ ತೋರಿಸಿ ನಗಿಸಿದ್ದ. ಮನುಷ್ಯರನ್ನು ರಾಕ್ಷಸರು ಅಂತ ತೋರಿಸಿದವನು ಆ ಕೈ ಬಿಚ್ಚಲೇ ಇಲ್ಲ. ಲೋನ್‌ಡೇಲನ್ನು ಎಷ್ಟು ಮೆಚ್ಚಿದರೂ ಇದನ್ನು ಹೇಳದೆ ಮುಂದೆ ಹೋಗೋದು ನನ್ನಿಂದಾಗದು.

ಆ ಕಹಿ ಸಾಕು. ನಡುವೆ ಒಂದು ಸಿಹಿ ಉಳಿದುಬಿಟ್ಟಿದೆ. 1912ರಲ್ಲಿ ಗ್ರಿಫಿತ್ ಇದೇ ಕಥೆಯನ್ನು ಇನ್ನೊಂದು ಸಲ ತೆಗೆದ, ‘ದಿ ಗರ್ಲ್ ಆ್ಯಂಡ್ ಹರ್ ಟ್ರಸ್ಟ್’ ಅಂತ. ಈ ಸಲ ಹುಡುಗಿ ಡೊರೊಥಿ ಬರ್ನಾರ್ಡ್. ಮತ್ತೆ ಸ್ಟೇಷನ್ನು, ಮತ್ತೆ ತಂತಿ, ಮತ್ತೆ ಇಬ್ಬರು ಅಲೆಮಾರಿಗಳು. ಸ್ಪ್ಯಾನರ್ ಉಪಾಯವನ್ನು ಎರಡನೇ ಸಲ ಮಾಡೋಕಾಗುತ್ತಾ? ಜನಕ್ಕೆ ಗೊತ್ತಾಗಿಬಿಟ್ಟಿದೆ. ಅದಕ್ಕೆ ಈ ಹುಡುಗಿ ಏನು ಮಾಡುತ್ತಾಳೆ ಅಂದರೆ, ಪಿಸ್ತೂಲಿಲ್ಲದೆ ಬರೀ ಗುಂಡನ್ನು ತೆಗೆದುಕೊಂಡು ಬಾಗಿಲಿನ ಬೀಗದ ಕಿಂಡಿಗೆ ತುರುಕುತ್ತಾಳೆ. ಹಿಂದಿನಿಂದ ಕತ್ತರಿಯ ಮೊನೆ ಇಟ್ಟು ಸುತ್ತಿಗೆಯಲ್ಲಿ ಒಂದು ಏಟು! ಬೀಗದ ಕಿಂಡಿಯೇ ಕೋವಿ ಆಗಿಬಿಟ್ಟಿತು. ಆಚೆ ನಿಂತ ಕಳ್ಳರಿಗೆ ಒಳಗೆ ಯಾರೋ ಆಯುಧ ಹಿಡಿದು ಕೂತಿದ್ದಾರೆ ಅಂತ ಜೀವ ಬಾಯಿಗೆ ಬರುತ್ತೆ. ಕತ್ತರಿ, ಸುತ್ತಿಗೆ, ಸ್ಪ್ಯಾನರ್, ಚಪ್ಪಲಿ, ನೋಡಿ, ಹೆಂಗಸರ ಆಯುಧಶಾಲೆಯೆಲ್ಲ ಮನೆಯ ಗೂಡಿನಲ್ಲೇ ಸಿಗುತ್ತೆ. ಕೆಲವರು ಎರಡನೆಯದೇ ದೊಡ್ಡ ಚಿತ್ರ ಅನ್ನುತ್ತಾರೆ, ಎಂಜಿನ್ನಿನ ಪಕ್ಕದಲ್ಲೇ ಕ್ಯಾಮೆರಾ ಓಡಿಸಿದ ಅಂದದ ಶಾಟ್‌ಗಳಿವೆ ಅಂತ. ಛಾಯಾಗ್ರಾಹಕ ಬಿಲ್ಲಿ ಬಿಟ್ಜರನ ಕ್ಯಾಮೆರಾ ಬಗ್ಗೆ ನನ್ನದೂ ತಕರಾರಿಲ್ಲ. ಆದರೆ ಮನಸ್ಸು ಮಾತ್ರ ಲೋನ್‌ಡೇಲ್ ಕಡೆಗೇ.

ಯಾಕೆಂದರೆ ಅದರ ಮುಕ್ತಾಯಕ್ಕೆ ಸಾಟಿ ಇಲ್ಲ. ಸ್ಪ್ಯಾನರ್ ಬಯಲಾದಾಗ ಪ್ರಿಯಕರ ನಗುತ್ತಾನೆ, ಫೈರ್‌ಮನ್ ನಗುತ್ತಾನೆ. ಮೋಸ ಹೋದ ಕಳ್ಳರು ಏನು ಮಾಡಬೇಕು? ಹಲ್ಲು ಕಡಿಯಬೇಕು, ಶಾಪ ಹಾಕಬೇಕು. ಅದೇನೂ ಇಲ್ಲ, ಬಗ್ಗಿ ಅವಳಿಗೆ ಒಂದು ನಮಸ್ಕಾರ ಮಾಡುತ್ತಾರೆ! ಭಲೇ ಹುಡುಗಿ, ನೀನು ಗೆದ್ದೆ ಅನ್ನೋ ಹಾಗೆ. ಕಳ್ಳರಿಗೂ ಒಂದು ಘನತೆ ಕೊಟ್ಟ ಚಿತ್ರ ಅದು. ನಾನಂತೂ ಆ ನಮಸ್ಕಾರಕ್ಕಾಗಿಯೇ ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತೇನೆ.

ಆ ಎಂಜಿನ್ ಡ್ರೈವರ್ ಬಂದದ್ದಕ್ಕೆ ಏನು ಬೆಲೆ, ಅವಳೇ ಎಲ್ಲ ಮುಗಿಸಿದ್ದಳಲ್ಲ ಅಂತ ಕೇಳುವವರಿದ್ದಾರೆ. ನನಗೆ ಅನ್ನಿಸೋದು ಬೇರೆ. ಅವಳ ಹತ್ತಿರ ಇದ್ದ ಆಯುಧ ಬರೀ ಸ್ಪ್ಯಾನರ್ ಅಲ್ಲ, ಸ್ಪ್ಯಾನರ್ ಮತ್ತು ಕತ್ತಲೆ. ಅದರಲ್ಲಿ ಅರ್ಧ ಭಾಗ ಬೆಳಗಾದರೆ ಕೈಬಿಟ್ಟು ಹೋಗುತ್ತೆ. ಒಂದು ಗಂಟೆ ನಿಲ್ಲಬಹುದು, ಎರಡು ಗಂಟೆ ತೋಳು ಸೋಲದೆ ಹಿಡಿಯಬಹುದು, ಆದರೆ ಪೂರ್ವ ದಿಕ್ಕು ಕೆಂಪಾಯಿತೋ, ಆ ಕಿಟಕಿಯಿಂದ ಬೆಳಕು ಬಂತೋ, ಕಳ್ಳರ ಕಣ್ಣಿಗೆ ನಟ್ಟು ತಿರುಗಿಸೋ ಮೂತಿ ಕಂಡೇ ಕಾಣುತ್ತಿತ್ತು. ಹಾಗಾಗಿ ಆ ಡ್ರೈವರ್ ಪಣ ಕಟ್ಟಿ ಓಡಿದ್ದು ಕಳ್ಳರ ಜೊತೆ ಅಲ್ಲ, ಸೂರ್ಯನ ಜೊತೆ. ಪಾಪ, ಅವನಿಗೆ ಅದು ಗೊತ್ತಿಲ್ಲ, ಕಲ್ಲಿದ್ದಲು ಹಾಕಿಸಿ ಹಾಕಿಸಿ ಬರುತ್ತಿದ್ದಾನೆ. ಆ ಓಟವನ್ನು ತೆಗೆದದ್ದೂ ಇಂಗಲ್‌ವುಡ್ಡಿನ ಹಾಡಹಗಲಿನ ಬಿಸಿಲಲ್ಲೇ ಅನ್ನೋದು ಇನ್ನೊಂದು ಮಜ.